ಪಕ್ಕದ ಸೀಟಿನ ಬ್ರೇಕು

ಜನವರಿ 18

ಅಮ್ಮಾ,

ಅಪ್ಪ ನಿನ್ನೆ ಅಟ್ಟದಿಂದ ಡೇರೆ ಇಳಿಸಿದರು. ಅಂಗಳದಲ್ಲಿ ಹರವಿ, ಹರಿದ ಕಡೆ ಹೊಲಿಗೆ ಹಾಕಿ, ಗೂಟಗಳ ತುಕ್ಕು ಉಜ್ಜಿ, ಮತ್ತೆ ಮಡಚಿ ವ್ಯಾನಿನ ಹಿಂಭಾಗದಲ್ಲಿಟ್ಟರು. ಪ್ರತಿ ವರ್ಷ ಈ ಕೆಲಸ ಆಗುವುದು ಏಪ್ರಿಲ್ ರಜೆಗೆ ಒಂದು ವಾರ ಇರುವಾಗ. ಈ ಸಲ ಜನವರಿಯಲ್ಲೇ ಆಗಿದೆ. 

ಆಮೇಲೆ, ನೀನಿಲ್ಲದೆ ಕರಾವಳಿ ರಸ್ತೆಗೆ ಹೋಗುವುದೋ ಬೇಡವೋ ಎಂದು ಊಟದ ಹೊತ್ತಿನಲ್ಲಿ ಕೇಳಿದೆ. ಅಪ್ಪ ಉತ್ತರ ಕೊಡುವ ಮೊದಲೇ ಅಜ್ಜಿ, ಒಂದು ಸೀಟು ಖಾಲಿ ಇದ್ದರೆ ತಾನು ಬರುವುದಾಗಿ ಹೇಳಿದರು. ಡೇರೆಯಲ್ಲಿ ನೆಲದ ಮೇಲೆ ಮಲಗಬೇಕು ಎಂದು ಅಪ್ಪ ಹೆದರಿಸಿ ನೋಡಿದರು. ತಾನು ಹುಟ್ಟಿದ್ದು ಮಂಚದ ಮೇಲಲ್ಲ ಎಂದರು ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು.

ಬೆಳಗ್ಗೆ ಚಹಾದ ಹೊತ್ತಿಗೆ ಅಪ್ಪ ರೇಡಿಯೊ ಹಾಕುತ್ತಾರೆ. ಮೀನುಗಾರರಿಗಾಗಿ ಓದುವ ಸಮುದ್ರದ ವರದಿ ನಮ್ಮ ಮನೆಯಲ್ಲಿ ದಿನವೂ ಕೇಳುತ್ತದೆ. ‘ದ್ವೀಪ ಕೇಂದ್ರ. ಗಾಳಿ ವಾಯವ್ಯದಿಂದ. ಅಲೆ ಸಾಧಾರಣ. ಗೋಚರತೆ ಉತ್ತಮ.’ ಓದುವವನು ಮೂಗಿನಲ್ಲಿ ಮಾತಾಡುವ ಯಾರೋ ಗಂಡಸು. ಆದರೆ ನೋಡಿ ಬರೆದು, ದ್ವೀಪದಿಂದ ವೈರ್‌ಲೆಸ್‌ನಲ್ಲಿ ಕಳಿಸಿದ್ದು ನೀನು. ಆ ಒಂದು ಸಾಲು ಮುಗಿಯುವವರೆಗೆ ನಮ್ಮಲ್ಲಿ ಯಾರೂ ಲೋಟ ಕೆಳಗಿಡುವುದಿಲ್ಲ.

ಈ ಕಾಲದಲ್ಲಿ ಫೋನಿಲ್ಲದ, ವೈರ್‌ಲೆಸ್ಸೂ ವರದಿಗೆ ಮಾತ್ರ ಇರುವ ಜಾಗವೊಂದಿದೆ ಎಂದರೆ ನನ್ನ ಗೆಳತಿಯರು ನಂಬುವುದಿಲ್ಲ. ನೀನು ಅಪ್ಪನ ಹತ್ತಿರ ಜಗಳವಾಡಿ ಹೋಗಿದ್ದೀ ಎಂದುಕೊಂಡಿದ್ದಾರೆ. ನಾನು ಅದನ್ನು ತಿದ್ದಲು ಹೋಗಿಲ್ಲ.

ಚೂಟಿ


ಫೆಬ್ರವರಿ 9

ಚೂಟಿಗೆ ಅಮ್ಮನ ಪ್ರೀತಿ.

ಹದಿನೈದು ದಿನಕ್ಕೊಮ್ಮೆ ಬರಬೇಕಾದ ದೋಣಿ ಅಲೆ ಜಾಸ್ತಿಯಾಗಿ ಒಂದು ಸರದಿ ತಪ್ಪಿಸಿತು. ಅದಕ್ಕೇ ಈ ತಡ.

ಪ್ರವಾಸಕ್ಕೆ ಖಂಡಿತ ಹೋಗಿ. ಅಜ್ಜಿಗೆ ದಪ್ಪ ಹಾಸಿಗೆ ಒಯ್ಯಿರಿ. ಅವರು ಬೇಡವೆನ್ನುತ್ತಾರೆ, ಕೇಳಬೇಡ.

ನನ್ನ ಕೋಣೆ ಹೇಗಿದೆ ಎಂದು ನೀನು ಈವರೆಗೆ ಕೇಳಿಲ್ಲ. ಆದರೂ ಹೇಳುತ್ತೇನೆ. ಒಂದು ಕಬ್ಬಿಣದ ಮಂಚ, ಒಂದು ಮೇಜು, ಒಂದು ಕುರ್ಚಿ. ಸಿಮೆಂಟಿನ ನೆಲ. ಕಿಟಕಿಯ ಗಾಜಿಗೆ ದಿನವೂ ಉಪ್ಪು ಕೂರುತ್ತದೆ, ದಿನವೂ ಒರೆಸುತ್ತೇನೆ. ಇಲ್ಲಿ ನಾವು ಮೂವರು: ನಾನು, ಯಂತ್ರ ನೋಡಿಕೊಳ್ಳುವವರು, ಅಡುಗೆಯವರು. ಅವರಿಬ್ಬರೂ ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ. ಇಬ್ಬರೂ ಮಾಡುವುದರಿಂದ ಆಟ ನ್ಯಾಯವಾಗಿಯೇ ನಡೆಯುತ್ತದೆ.

ಊರಿನ ಹವಾಮಾನ ಕಚೇರಿಯಲ್ಲಿ ನಾನು ಬೇರೆಯವರು ನೋಡಿದ ಗಾಳಿಯನ್ನು ನಕ್ಷೆಯ ಮೇಲೆ ಬಾಣ ಹಾಕಿ ತೋರಿಸುತ್ತಿದ್ದೆ. ಇಲ್ಲಿ ಗಾಳಿ ಮೊದಲು ನನ್ನ ಮುಖಕ್ಕೆ ಬಡಿಯುತ್ತದೆ, ಆಮೇಲೆ ಕಾಗದಕ್ಕೆ ಹೋಗುತ್ತದೆ. ಈ ವ್ಯತ್ಯಾಸ ನಿನಗೆ ಸಣ್ಣದೆನಿಸಬಹುದು.

ಗೋಚರತೆಯನ್ನು ಹೇಗೆ ಅಳೆಯುತ್ತೇವೆ ಗೊತ್ತೇ? ಇಲ್ಲಿ ಅದಕ್ಕೆ ಯಂತ್ರವಿಲ್ಲ. ದೂರ ಗೊತ್ತಿರುವ ಗುರುತುಗಳನ್ನು ಒಂದೊಂದಾಗಿ ನೋಡಬೇಕು. ಹತ್ತಿರದ ಬಂಡೆ, ಅದರಾಚೆ ನೀರಿನಲ್ಲಿ ತೇಲುವ ಕೆಂಪು ಪೀಪಾಯಿ, ಎಲ್ಲಕ್ಕಿಂತ ದೂರದ್ದು ದಡದ ಮೇಲಿನ ಒಂದು ಗುಡ್ಡ. ಅದೂ ಕಂಡರೆ ‘ದಡದವರೆಗೆ ಸ್ಪಷ್ಟ’ ಎಂದು ಬರೆಯುತ್ತೇನೆ. ಆ ಗುಡ್ಡ ಯಾವುದು ಎಂದು ಬಂದ ವಾರದಲ್ಲೇ ಗೊತ್ತಾಯಿತು. ಪ್ರತಿ ವರ್ಷ ನಾವು ಕೊನೆಯ ರಾತ್ರಿ ಡೇರೆ ಹಾಕುವ ಗುಡ್ಡವೇ. ಅಲ್ಲಿ ಕೂತು ಈ ದ್ವೀಪವನ್ನು ಎಷ್ಟು ಸಲ ನೋಡಿದ್ದೇವೆ. ಇದರ ಮೇಲೆ ಮನೆಯಿರಬಹುದು ಎಂದೂ ಹೊಳೆದಿರಲಿಲ್ಲ.

ಇನ್ನೊಂದು ವಿಷಯ. ನನ್ನ ಅವಧಿ ಆಗಸ್ಟಿಗೆ ಮುಗಿಯುತ್ತದೆ. ಇನ್ನೊಂದು ವರ್ಷ ಇರುತ್ತೀರಾ ಎಂದು ಇಲಾಖೆಯವರು ಕೇಳಿದ್ದಾರೆ. ಏಪ್ರಿಲ್ ಕೊನೆಯ ದೋಣಿಯಲ್ಲಿ ಉತ್ತರ ಕಳಿಸಬೇಕು. ನಿಮ್ಮಪ್ಪನಿಗೆ ಬರೆದಿದ್ದೆ. ಹೊಸ ಟೈರು ಹಾಕಿಸಿದ ವಿಷಯ ಬರೆದರು. ನೀನಾದರೂ ಹೇಳು.

ನಿನ್ನ ಅಮ್ಮ


ಫೆಬ್ರವರಿ 27

ಅಮ್ಮಾ,

ನಿನ್ನಿಷ್ಟ.

ಇಷ್ಟೇ ಬರೆದು ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಎರಡು ದಿನ ಮೇಜಿನ ಮೇಲೆ ಬಿದ್ದಿತ್ತು. ಇಷ್ಟು ಸಣ್ಣ ಪತ್ರಕ್ಕೆ ಇಷ್ಟು ದೊಡ್ಡ ಲಕೋಟೆಯೇ ಎಂದು ಅಜ್ಜಿ ಕೇಳಿದ ಮೇಲೆ ಮತ್ತೆ ಕೂತಿದ್ದೇನೆ.

ಅಪ್ಪನನ್ನು ಕೇಳಿದೆ, ನೀವೇ ಅಮ್ಮನಿಗೆ ಬಾ ಅಂತ ಬರೆಯಬಾರದೇ ಎಂದು. ಆಗ ಅವರು ವ್ಯಾನಿನ ಕೆಳಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಒಂದು ನಟ್ಟು ಬಿಗಿ ಮಾಡಿ ಮುಗಿಸಿದರು. ಆಮೇಲೆ ಕೆಳಗಿನಿಂದಲೇ ಹೇಳಿದರು: “ಮುಂದೆ ಸರಿಯಾಗಿ ಹೋಗ್ತಿರೋ ಗಾಡಿಗೆ ಹಿಂದಿನಿಂದ ಹಾರ್ನ್ ಹೊಡೀಬಾರದು. ನನ್ನ ಹತ್ರ ಕಲಿಯೋರಿಗೆಲ್ಲ ಅದನ್ನೇ ಹೇಳ್ತೀನಿ.”

ನಾನು ನಿಮ್ಮ ಹತ್ತಿರ ಡ್ರೈವಿಂಗ್ ಕಲಿಯುತ್ತಿಲ್ಲ ಎಂದೆ. “ಹದಿನೆಂಟು ತುಂಬಲಿ” ಎಂದರು.

ಏಪ್ರಿಲ್ ಹತ್ತೊಂಬತ್ತು, ಶನಿವಾರ, ನಾವು ಕೊನೆಯ ಗುಡ್ಡದಲ್ಲಿರುತ್ತೇವೆ. ಕತ್ತಲಾಗುವ ಹೊತ್ತಿಗೆ ವ್ಯಾನಿನ ಮೂತಿ ಸಮುದ್ರದ ಕಡೆ ತಿರುಗಿಸಿ ಲೈಟ್ ಹಾಕುತ್ತೇವೆ. ನೋಡಬೇಕೆನಿಸಿದರೆ ನೋಡು.

ಚೂಟಿ


ಮಾರ್ಚ್ 22

ಚೂಟಿ,

ದೋಣಿಯವರು ಅವಸರದಲ್ಲಿದ್ದಾರೆ, ಚುಟುಕಾಗಿ ಬರೆಯುತ್ತೇನೆ.

ಹತ್ತೊಂಬತ್ತಕ್ಕೆ ಕಿಟಕಿಯ ಬಳಿ ಇರುತ್ತೇನೆ. ಆದರೆ ಏಪ್ರಿಲಿನಲ್ಲಿ ನೀರಿನ ಮೇಲೆ ಬಿಸಿಲ ಮಬ್ಬು ಕವಿಯುತ್ತದೆ. ಕೆಲವು ವರ್ಷ ವಾರಗಟ್ಟಲೆ ಕೆಂಪು ಪೀಪಾಯಿಯಾಚೆ ಏನೂ ಕಾಣುವುದಿಲ್ಲ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಕಂಡರೆ ಕಂಡಿತು ಎಂದು ಬರೆಯುತ್ತೇನೆ, ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯುತ್ತೇನೆ. ನಿನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುವುದಿಲ್ಲ. ದೋಣಿಗೆ ಹೋಗುವವರು ನನ್ನ ವರದಿ ನಂಬಿ ಹೋಗುತ್ತಾರೆ. ಕಂಡದ್ದನ್ನೇ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ.

‘ನಿನ್ನಿಷ್ಟ’ ಎಂದಿದ್ದೀ. ಓದಿದೆ.

ಅಮ್ಮ


ಏಪ್ರಿಲ್ 16

ಅಮ್ಮಾ,

ಇದನ್ನು ಮರಳಿನ ಮೇಲೆ ಕೂತು, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಅದಕ್ಕೇ.

ಹೊರಟ ದಿನದಿಂದ ಶುರು ಮಾಡುತ್ತೇನೆ. ಅಜ್ಜಿ ಬಂದು ನೇರವಾಗಿ ನಿನ್ನ ಸೀಟಿನಲ್ಲಿ ಕೂತರು.  ಊರು ದಾಟುವ ಮೊದಲೇ ಅಜ್ಜಿಗೆ ತಮ್ಮ ಕಾಲ ಬಳಿ ಬ್ರೇಕಿರುವುದು ಗೊತ್ತಾಯಿತು. ಡ್ರೈವಿಂಗ್ ಶಾಲೆಯ ಗಾಡಿ, ಮೇಷ್ಟ್ರು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕಿರುತ್ತದೆ ಎಂದು ಅಪ್ಪ ವಿವರಿಸಿದರು. ವಿವರಿಸಬಾರದಿತ್ತು. ಅಲ್ಲಿಂದ ಪ್ರತಿ ತಿರುವಿನಲ್ಲೂ, ಎದುರಿಗೆ ಬಂದ ಪ್ರತಿ ಲಾರಿಗೂ, ಒಮ್ಮೆ ರಸ್ತೆ ದಾಟುತ್ತಿದ್ದ ಏಡಿಗೂ ಅಜ್ಜಿ ಬ್ರೇಕ್ ಒತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ನಾನು, ಸ್ಟೌ, ನೀರಿನ ಕ್ಯಾನು ಒಟ್ಟಿಗೆ ಮುಂದಕ್ಕೆ ಬಂದು ಒಟ್ಟಿಗೆ ಹಿಂದಕ್ಕೆ ಹೋಗುತ್ತೇವೆ.

“ಅಮ್ಮಾ, ಆ ಕಾಲು ತೆಗಿ,” ಎಂದರು ಅಪ್ಪ ಅಜ್ಜಿಗೆ.

“ನನ್ನ ಕಾಲಿನ ಚಿಂತೆ ನಿನಗೆ ಬೇಡ. ನೀನು ರಸ್ತೆ ನೋಡು.”

ಹಿಂದಿನಿಂದ ಬರುವವರಿಗೆ ನಮ್ಮ ವ್ಯಾನಿನ ಬೆನ್ನ ಮೇಲಿನ ಬರಹ ಕಾಣುತ್ತಿರುತ್ತದಲ್ಲ, ‘ಕಲಿಕೆಯ ವಾಹನ, ಅಂತರ ಕಾಯ್ದುಕೊಳ್ಳಿ’ ಎಂದು. ಎಲ್ಲರೂ ಚೆನ್ನಾಗಿ ಕಾಯ್ದುಕೊಂಡರು.

ಮೊದಲ ರಾತ್ರಿ ಡೇರೆ ಬಿತ್ತು. ನೀನಿದ್ದಾಗ ಸಂಜೆ ಒಮ್ಮೆ ಸುತ್ತಾಡಿ ಬಂದು, ಗಾಳಿ ರಾತ್ರಿ ಈ ಕಡೆಯಿಂದ ತಿರುಗುತ್ತದೆ, ಬಾಗಿಲು ಆ ಕಡೆಗಿರಲಿ ಎನ್ನುತ್ತಿದ್ದೆ. ಅಪ್ಪ ರೇಡಿಯೊ ವರದಿ ಕೇಳಿಕೊಂಡು ಬಾಗಿಲು ಇಟ್ಟರು. ರೇಡಿಯೊಗೆ ನಮ್ಮ ಸಣ್ಣ ಕೊಲ್ಲಿಯ ಗಾಳಿ ಗೊತ್ತಿರಲಿಲ್ಲ. ಬಟ್ಟೆಯಡಿಯಿಂದ ಅಜ್ಜಿಯ ದನಿ ಬಂತು: “ಇದನ್ನ ಕಟ್ಟಿದ್ದು ಯಾರಪ್ಪಾ? ಮೇಷ್ಟ್ರಾ, ಫೇಲಾದ ಹುಡುಗನಾ?” ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವರು ನಗುವುದನ್ನು ಸೆಪ್ಟೆಂಬರಿನಿಂದ ನಾನು ಕೇಳಿರಲಿಲ್ಲ.

ಒಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಡೇರೆಯಲ್ಲಿ ಬಾಗಿಲ ಬಳಿ ನೀನು ಮಲಗುವ ಜಾಗವಿದೆಯಲ್ಲ, ಅಲ್ಲಿ ಯಾರೂ ಮಲಗುತ್ತಿಲ್ಲ. ಅಜ್ಜಿಯ ದಪ್ಪ ಹಾಸಿಗೆಯಿಂದಾಗಿ ಮೂವರಿಗೂ ಜಾಗ ಸಾಲದು, ಅವರ ಮೊಣಕೈ ನನ್ನ ಪಕ್ಕೆಗೆ ಚುಚ್ಚುತ್ತದೆ. ಆದರೂ ಯಾರೂ ಆ ಕಡೆ ಸರಿಯುವುದಿಲ್ಲ. ಸರಿಯಬೇಡಿ ಎಂದು ಯಾರೂ ಹೇಳಿಲ್ಲ.

ದಿನವೂ ಬೆಳಗ್ಗೆ ವ್ಯಾನಿನ ರೇಡಿಯೊದಲ್ಲಿ ನಿನ್ನ ಸಾಲು ಕೇಳುತ್ತೇವೆ. ವಾರದಿಂದ ಒಂದೇ: ‘ಮಬ್ಬು. ಗೋಚರತೆ ಕಡಿಮೆ.’ ಅಪ್ಪ ವ್ಯಾನಿನ ಮುಂದಿನ ದೀಪಗಳ ಗಾಜು ಒರೆಸುತ್ತಾರೆ.

ಚೂಟಿ


ಏಪ್ರಿಲ್ 20

ಅಮ್ಮಾ,

ನಾವೀಗ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನಲ್ಲಿ ಕೂತಿದ್ದೇವೆ. ಅಪ್ಪ ಎದುರಿನ ಬ್ಯಾಟರಿ ಅಂಗಡಿಯಲ್ಲಿದ್ದಾರೆ. ಯಾಕೆ ಎಂದು ಹೇಳುತ್ತೇನೆ.

ನಿನ್ನೆ ಗುಡ್ಡ ಹತ್ತಿದಾಗ ದ್ವೀಪ ಇರಬೇಕಾದ ಕಡೆ ಬೂದುಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಡೇರೆ ಹಾಕಿದೆವು. ಸಂಜೆಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ನನ್ನ ಕೆನ್ನೆಗೆ ಗೊತ್ತಾಯಿತು. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಪೆನ್ಸಿಲಿನಿಂದ ಎಳೆದಂತೆ ಒಂದು ಗೆರೆ ಕಂಡಿತು. ಅದು ನೀನಿರುವ ಜಾಗ.

ಅಪ್ಪ ವ್ಯಾನನ್ನು ಸಮುದ್ರದ ಕಡೆ ತಿರುಗಿಸಿ ನಿಲ್ಲಿಸಿದರು. ಹೆಡ್‌ಲೈಟ್ ಹಾಕಿ, ಎಲ್ಲಕ್ಕಿಂತ ಜೋರಾಗಿರುವುದನ್ನೇ ಹಾಕಿ ಎಂದೆ. ಒಪ್ಪಲಿಲ್ಲ. ಎದುರಿರುವವರ ಕಣ್ಣಿಗೆ ದೊಡ್ಡ ಲೈಟ್ ಹೊಡೆಯುವುದು ತಪ್ಪಂತೆ. ಎದುರಿರುವವರು ಸಮುದ್ರದ ಆಚೆ ಇದ್ದಾರೆ, ಅವರ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ನಾನು ವಾದಿಸಿದೆ. ಕೊನೆಗೆ ಅವರು ಹಾಕಿದ್ದು ಏನು ಗೊತ್ತೇ? ಇಂಡಿಕೇಟರ್. ಬಲಕ್ಕೆ ಸ್ವಲ್ಪ ಹೊತ್ತು, ಎಡಕ್ಕೆ ಸ್ವಲ್ಪ ಹೊತ್ತು.

“ನಿಂತಿರೋ ಗಾಡೀನ ಯಾವ ಕಡೆ ತಿರುಗಿಸ್ತೀಯೋ ಮಗನೇ,” ಎಂದರು ಅಜ್ಜಿ. “ಸಮುದ್ರಕ್ಕಾ?”

ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಎಂದೆ ನಾನು.

“ಎರಡೂ ಒಟ್ಟಿಗೆ ಹಾಕಿದ್ರೆ ಅಪಾಯ ಅಂತ ಅರ್ಥ,” ಎಂದರು ಅಪ್ಪ. “ನಿಮ್ಮಮ್ಮ ಗಾಬರಿಯಾಗ್ತಾಳೆ.”

 ಅವರು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು, ಕಲಿಯುವವರಿಗೆ ಹೇಳಿಕೊಡುವಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಮ್ಮ ಊಟ ಮುಗಿಯಿತು. ಅವರ ಬ್ರೆಡ್ಡು, ಮೊಟ್ಟೆಯನ್ನು ಕಿಟಕಿಯಿಂದ ಕೊಟ್ಟೆ. ನಾನು ನಿದ್ದೆ ಹೋಗುವಾಗಲೂ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಬೆಳಗ್ಗೆ ವ್ಯಾನ್ ಉಸಿರೆತ್ತಲಿಲ್ಲ. ಬ್ಯಾಟರಿ ಪೂರಾ ಇಳಿದುಹೋಗಿತ್ತು. ಗಾಡಿಯಿಂದ ಇಳಿಯುವ ಮೊದಲು ಲೈಟ್ ಆರಿಸಿದ್ದೀರಾ ನೋಡಿ, ಇದು ಅವರ ಮೊದಲ ಪಾಠ. ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಜ್ಜಿಯೂ ಆಗ ತಮಾಷೆ ಮಾಡಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಬ್ಯಾಟರಿ ಇಲ್ಲದೆ ರೇಡಿಯೊ ಇಲ್ಲ. ಗುಡ್ಡದ ಮೇಲೆ ಫೋನಿಗೂ ಸಿಗ್ನಲ್ ಇಲ್ಲ. ನೀನು ಕಂಡಿತು ಎಂದು ಬರೆದೆಯೋ ಕಾಣಲಿಲ್ಲ ಎಂದು ಬರೆದೆಯೋ, ಆ ಸಾಲನ್ನು ಕರಾವಳಿಯ ಜನರೆಲ್ಲ ಕೇಳುವ ಹೊತ್ತು, ನಾವು ಮೂವರು ಮಾತ್ರ ಕೇಳದೆ ಕೂತಿದ್ದೆವು.

ಬಿಸಿಲೇರಿದ ಮೇಲೆ ಮೀನಿಗೆ ಐಸ್ ಒಯ್ಯುವ ಲಾರಿಯೊಂದು ಬಂತು. ಡ್ರೈವರ್ ಇಳಿದು ಬಂದು ಗಾಡಿಯ ಬೆನ್ನ ಮೇಲಿದ್ದದ್ದನ್ನು ಓದಿ, ಇಲ್ಲಿ ಯಾರು ಕಲಿಯೋರು, ಯಾರು ಕಲಿಸೋರು ಎಂದು ಕೇಳಿದರು. ಅಪ್ಪ ಕೈ ಎತ್ತಿದರು. ಆತ ನಗುತ್ತಾ ಕೇಬಲ್ ತಂದರು. ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿದ್ದಾಗ ನಾನು, ಬೆಳಗಿನ ಸಮುದ್ರದ ವರದಿ ಕೇಳಿದ್ದೀರಾ ಎಂದು ವಿಚಾರಿಸಿದೆ.

“ಕೇಳದೇ ಇರ್ತೀನಾ? ಎಷ್ಟು ಐಸ್ ತುಂಬಬೇಕು ಅಂತ ಅದರ ಮೇಲೇ ತಾನೇ ಗೊತ್ತಾಗೋದು. ಮಬ್ಬು ಹೋಯ್ತಂತೆ. ನಿನ್ನೆ ಸಂಜೆಯಿಂದ ದಡದವರೆಗೆ ಸ್ಪಷ್ಟ ಅಂದ್ರು, ದ್ವೀಪದಿಂದ.”

ಅಪ್ಪನ ಕೈ ಕ್ಲಿಪ್ಪಿನ ಮೇಲೆಯೇ ನಿಂತಿತು. “ಇನ್ನೊಂದ್ಸಲ ಹೇಳಿ,” ಎಂದರು.

“ದಡದವರೆಗೆ ಸ್ಪಷ್ಟ. ಯಾಕೆ ಸಾರ್, ನಿಮ್ಮದೂ ದೋಣಿ ಇದೆಯಾ?”

“ಇಲ್ಲ,” ಎಂದರು ಅಪ್ಪ. “ನಮ್ಮ ಮನೆಯವರು ಅಲ್ಲಿದ್ದಾರೆ.”

ಲಾರಿಯವರು ಕೇಬಲ್ ಸುತ್ತಿಕೊಂಡು ಹೋದರು. ವ್ಯಾನ್ ಹೊರಟಾಗ ಅಜ್ಜಿ ಬಂದು ಹಿಂದೆ ನನ್ನ ಪಕ್ಕ ಕೂತರು. ಮುಂದೆ ಕಾಲು ಚಾಚಲು ಆಗುವುದಿಲ್ಲವಂತೆ. ಅಲ್ಲೇ ಜಾಗ ಹೆಚ್ಚು ಎಂದು ನಮಗೆಲ್ಲ ಗೊತ್ತಿದೆ.

ಫೆಬ್ರವರಿಯಲ್ಲಿ ‘ನಿನ್ನಿಷ್ಟ’ ಎಂದು ಬರೆದೆ. ಅದು ನನ್ನ ಉತ್ತರವಲ್ಲ. ಅಪ್ಪ ಹಾರ್ನ್ ಹೊಡೆಯುವುದಿಲ್ಲ, ಅವರು ಹಾಗೆಯೇ. ನನಗಿನ್ನೂ ಲೈಸೆನ್ಸ್ ಇಲ್ಲ, ಆ ನಿಯಮ ನನಗೆ ಅನ್ವಯಿಸುವುದಿಲ್ಲ. ಅಮ್ಮಾ, ಬಾ. ಅಲ್ಲಿ ನಿನಗೆ ಖುಷಿಯಾಗಿದೆ ಎಂದು ಗೊತ್ತು. ಆದರೂ ಬಾ.

ನಿನ್ನ ಚೂಟಿ


ಏಪ್ರಿಲ್ 24

ಚೂಟಿಯ ಅಮ್ಮನಿಗೆ,

ಎಲ್ಲರೂ ಕ್ಷೇಮವಾಗಿ ಮನೆ ಸೇರಿದ್ದೇವೆ. ಬ್ಯಾಟರಿ ಬದಲಿಸಬೇಕಾಯಿತು. ಹಳೆಯದು ಹೇಗೂ ಈ ವರ್ಷ ಹೋಗುವುದಿತ್ತು. ಟೈರುಗಳು ಚೆನ್ನಾಗಿವೆ. ಡೇರೆಯ ಒಂದು ಕಂಬ ಬಾಗಿದೆ, ನೆಟ್ಟಗೆ ಮಾಡಿಸಿದ್ದೇನೆ.

ಮಗಳು ಬರೆದದ್ದನ್ನು ನಾನು ಓದಿಲ್ಲ. ಅಂಚೆಗೆ ಹಾಕಿದ್ದು ಮಾತ್ರ ನಾನು.

ಪಕ್ಕದ ಸೀಟಿನ ಬ್ರೇಕ್ ಪೆಡಲಿನ ರಬ್ಬರ್ ಪ್ಯಾಡು ಸವೆದಿದೆಯೆಂದು ಗ್ಯಾರೇಜಿನಲ್ಲಿ ಹೇಳಿದರು. ಒಂದು ವಾರದಲ್ಲಿ ನಮ್ಮಮ್ಮ ಅಷ್ಟು ಒತ್ತಿದ್ದಾರೆ. ಆಗ ಯೋಚನೆ ಬಂತು. ಮದುವೆಯಾದಾಗಿನಿಂದ ನೀನು ಆ ಸೀಟಿನಲ್ಲಿ ಕೂತಿದ್ದೀ. ಘಟ್ಟದ ತಿರುವುಗಳಲ್ಲಿ, ಮಂಜಿನಲ್ಲಿ, ನಾನು ತಪ್ಪು ದಾರಿ ಹಿಡಿದಾಗ ಕೂಡ. ಒಂದು ಸಲವೂ ಆ ಬ್ರೇಕ್ ಒತ್ತಲಿಲ್ಲ. ಕಲಿಸುವವನು ನಾನು, ನನಗೇ ಅದು ಸಾಧ್ಯವಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ ಎಂದು ನೆನಪು.

ಸೀಟು ಖಾಲಿ ಇದೆ. ಹೊಸ ಪ್ಯಾಡು ಹಾಕಿಸಿದ್ದೇನೆ.

ಇಂತಿ,
ಮೇಷ್ಟ್ರು


ಮೇ 11

ಚೂಟಿ,

ನಿನ್ನ ಎರಡು ಪತ್ರ, ಅಪ್ಪನದೊಂದು, ಮೂರೂ ಒಂದೇ ದೋಣಿಯಲ್ಲಿ ಬಂದವು. ತಾರೀಕು ನೋಡಿ ಜೋಡಿಸಿಕೊಂಡು ಓದಿದೆ.

ಹತ್ತೊಂಬತ್ತರ ಸಂಜೆಯ ಬಗ್ಗೆ ನನ್ನ ಕಡೆಯದನ್ನು ಬರೆಯುತ್ತೇನೆ. ಮಧ್ಯಾಹ್ನದವರೆಗೆ ಕೆಂಪು ಪೀಪಾಯಿಯೂ ಕಾಣುತ್ತಿರಲಿಲ್ಲ. ಗಾಳಿ ತಿರುಗಿತು, ಗುಡ್ಡದ ಬೆನ್ನು ಕಂಡಿತು. ಹೆಡ್‌ಲೈಟಿನ ಬಿಳಿ ಬೆಳಕು ಹುಡುಕುತ್ತಾ ಕೂತಿದ್ದೆ. ಕಂಡದ್ದು ಸಣ್ಣ ಹಳದಿ ಚುಕ್ಕಿ, ಹತ್ತುತ್ತಾ ಆರುತ್ತಾ ಇತ್ತು. ಮೀನಿನ ದೋಣಿ ಇರಬೇಕೆಂದು ದುರ್ಬೀನು ತೆಗೆದುಕೊಂಡೆ. ಸ್ವಲ್ಪ ಹೊತ್ತು ಬಲಕ್ಕೆ. ಆಮೇಲೆ ಎಡಕ್ಕೆ. ನರಪಿಳ್ಳೆ ಇಲ್ಲದ ಗುಡ್ಡದ ಮೇಲೆ, ನಿಂತ ಗಾಡಿಯಲ್ಲಿ ಕೂತು, ಶಿಸ್ತಾಗಿ ಇಂಡಿಕೇಟರ್ ಹಾಕುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅಡುಗೆಯವರು ಊಟಕ್ಕೆ ಕರೆದರು. ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ. ಚುಕ್ಕಿ ಮಂಕಾಗಿ, ನಿಧಾನವಾಗಿ, ನಿಂತೇಹೋಗುವವರೆಗೆ ನೋಡಿದೆ. ಬ್ಯಾಟರಿ ಹೋಯಿತು ಎಂದು ಆಗಲೇ ಗೊತ್ತಾಯಿತು. ಹೇಳುವ ದಾರಿ ಇರಲಿಲ್ಲ.

ಇಲಾಖೆಗೆ ‘ಒಪ್ಪಿಗೆ’ ಎಂದು ಬರೆದು ಇಟ್ಟಿದ್ದೆ. ನೀನು ‘ನಿನ್ನಿಷ್ಟ’ ಎಂದಿದ್ದೆ, ನಿಮ್ಮಪ್ಪ ಟೈರಿನ ವಿಷಯ ಬರೆದಿದ್ದರು. ಮರುದಿನ ಬೆಳಗ್ಗೆ ದೋಣಿ ಬಂದಾಗ ಅದನ್ನು ಹರಿದು ಬೇರೆ ಬರೆದುಕೊಟ್ಟೆ. ಆಗಸ್ಟ್ ಮುಗಿದ ಮೇಲೆ ಇರುವುದಿಲ್ಲ ಎಂದು. ನಿನ್ನ ಹಾರ್ನ್ ನನಗೆ ಕೇಳಿಸುವ ಹೊತ್ತಿಗೆ ನಾನು ಆಗಲೇ ತಿರುಗಿ ಆಗಿತ್ತು. ಆದರೂ ಕೇಳಿಸಿತಲ್ಲ, ಅಷ್ಟು ಸಾಕು.

ಸುಳ್ಳು ಹೇಳುವುದಿಲ್ಲ ಎಂದಿದ್ದೆ. ಆದ್ದರಿಂದ ಇದನ್ನೂ ಬರೆಯಬೇಕು. ಇಲ್ಲಿ ನನಗೆ ಸುಖವಿತ್ತು. ಊರಿಗೆ ಬಂದ ಮೇಲೆ ಕೆಲವು ದಿನ ಬೆಳಗ್ಗೆ ಆ ಸಾಲನ್ನು ಬೇರೆ ಯಾರೋ ನೋಡಿ ಬರೆದದ್ದು ಕೇಳುವಾಗ ನಾನು ಮಾತಾಡದೆ ಕೂತರೆ, ಏನಾಯಿತು ಎಂದು ಕೇಳಬೇಡ. ನೀವೆಲ್ಲ ಲೋಟ ಕೆಳಗಿಡದೆ ಕೂತ ಹಾಗೆ ನಾನೂ ಕೂರುತ್ತೇನೆ.

ಅಪ್ಪನಿಗೆ ಒಂದು ವಿಷಯ ತಿಳಿಸು. ಬ್ರೇಕ್ ಒತ್ತಲಿಲ್ಲ ಎಂಬುದು ನಿಜ. ಆದರೆ ಅವರು ತಿಳಿದಂತಲ್ಲ. ಕಾಲು ಯಾವಾಗಲೂ ಅದರ ಮೇಲೆಯೇ ಇತ್ತು, ಪ್ರತಿ ತಿರುವಿನಲ್ಲೂ. ಒತ್ತಲಿಲ್ಲ, ಅಷ್ಟೇ. ಅಭ್ಯಾಸ ಇನ್ನೂ ಹೋಗಿಲ್ಲ. ಸಂಜೆ ಗುರುತು ನೋಡಲು ಈ ಕುರ್ಚಿಯಲ್ಲಿ ಕೂತಾಗ, ಬಂಡೆ, ಪೀಪಾಯಿ ಮುಗಿಸಿ ಕಣ್ಣು ನಮ್ಮ ಗುಡ್ಡಕ್ಕೆ ಬರುವ ಹೊತ್ತಿಗೆ, ಮೇಜಿನ ಕೆಳಗೆ ನನ್ನ ಕಾಲು ತಾನಾಗಿ ಮುಂದಕ್ಕೆ ಚಾಚಿರುತ್ತದೆ. ಅಲ್ಲಿ ಏನೂ ಇಲ್ಲ. ಸಿಮೆಂಟಿನ ನೆಲ, ತಣ್ಣಗಿರುತ್ತದೆ.

ನಿನ್ನ ಅಮ್ಮ